ಗುಡುಗಮ್ಮ ಕಟ್ಟಿದ ಕೆಂಪು ಚಿಂದಿ

ಸಿದ್ಧ ಉಡುಪಿನ ಕಾರ್ಖಾನೆಯಲ್ಲಿ ಕಾಲರ್ ಹೊಲಿಯುವ ಗುಡುಗಮ್ಮನಿಗೆ ಆ ಅಡ್ಡಹೆಸರು ಸುಮ್ಮನೆ ಬಂದದ್ದಲ್ಲ. ಅವಳು ಇಲ್ಲಿ ಕೂತು ಸೂಜಿ ಕೇಳಿದರೆ ಮೂರು ಬೀದಿಯಾಚೆಯ ದರ್ಜಿ ಎದ್ದು ಹುಡುಕುತ್ತಿದ್ದ. ಅವಳು ಒಮ್ಮೆ ಸೀನಿದರೆ ಇಡೀ ಕಾರ್ಖಾನೆಯ ಮಷಿನ್ನುಗಳು ತೆಪ್ಪಗಾಗುತ್ತಿದ್ದವು. ಇಂಥವಳು ಪಿಸುಮಾತಿನಲ್ಲಿ ಆಡುತ್ತಿದ್ದ ವಿಷಯ ಒಂದೇ: ಅಮ್ಮನ ಎದೆಯ ಗಂಟು. ಅಮ್ಮ ಅದನ್ನು ಸೆರಗಿನೊಳಗೇ ಬಚ್ಚಿಟ್ಟುಕೊಂಡು ಹೋಗಿಬಿಟ್ಟಿದ್ದಳು.

ಆಗ ತಂಗಿ ಇನ್ನೂ ಮೊಣಕಾಲುದ್ದ. ಅವಳನ್ನು ಸಾಕಿದ್ದು, ಓದಿಸಿದ್ದು, ಇಲ್ಲಿಗೆ ತಂದು ಸೇರಿಸಿದ್ದು ಎಲ್ಲ ಗುಡುಗಮ್ಮನೇ. ಈಗ ತಂಗಿ ಅದೇ ಸಾಲಿನ ಸೂಪರ್‌ವೈಸರ್. ಕೊರಳಲ್ಲಿ ಸೀಟಿ. "ಅಕ್ಕ" ಎನ್ನುವುದು ಮನೆಯಲ್ಲಿ ಮಾತ್ರ.

ವರ್ಷಕ್ಕೊಮ್ಮೆ ಅಂಗಳಕ್ಕೆ ತಪಾಸಣೆಯ ವ್ಯಾನು ಬರುತ್ತಿತ್ತು. ರಕ್ತ, ಎದೆ, ಎಲ್ಲ ಪುಕ್ಕಟೆ, ಎಲ್ಲರಿಗೂ. ಆದರೆ ಮಹಡಿಯ ಕಚೇರಿಯವರು ಎರಡು ಆಕಳಿಕೆ ಬಂದರೆ ಎಕ್ಸ್‌ರೇ ತೆಗೆಸುವ ಜನ. ನೀರಿನ ಬಾಟಲಿ ಹಿಡಿದು ಮೊದಲೇ ಸಾಲು ನಿಲ್ಲುತ್ತಿದ್ದರು. ಕೆಳಗಿನವರು ಜಾಗ ಬಿಟ್ಟು ಏಳಬೇಕಾದರೆ ಮಷಿನ್ ಕೆಟ್ಟಿರಬೇಕು, ಅದರ ತಲೆಗೆ ಕೆಂಪು ಚಿಂದಿ ಕಟ್ಟಿರಬೇಕು. ಮನುಷ್ಯರು ಕೆಟ್ಟರೆ ಕಟ್ಟುವ ಚಿಂದಿ ಅಲ್ಲಿರಲಿಲ್ಲ.

ಈ ವರ್ಷ ವ್ಯಾನು ಬಂದ ಬೆಳಿಗ್ಗೆ ತಂಗಿ ಮಷಿನ್ ಹತ್ತಿರವೇ ಬಂದಳು.

"ನೀನು ಏಳ್ಬೇಡ. ಮಹಡಿಯವರದು ಮುಗಿದ ತಕ್ಷಣ ನಾನೇ ಬಂದು ಕರೀತೀನಿ."

"ಮರೆತುಬಿಟ್ಟೀಯ ಮತ್ತೆ."

"ಅಮ್ಮನ ವಿಷಯ ಮರೀತೀನಾ ಅಕ್ಕಾ?"

ಕಾರ್ಖಾನೆಯೊಳಗೆ ಅಕ್ಕ ಅಂದದ್ದು ಕೇಳಿ ಗುಡುಗಮ್ಮ ಬೆಣ್ಣೆಯಂತೆ ಕರಗಿದಳು. ನೀರು ಕುಡಿಯಲೂ ಏಳದೆ ಹೊಲಿದಳು. ಆ ದಿನ ಅವಳು ಹೊಲಿದ ಕಾಲರುಗಳಿಗೆ ಸಾಕಾಗುವಷ್ಟು ಕುತ್ತಿಗೆಗಳು ಭೂಮಿಯ ಮೇಲಿರಲಿಲ್ಲ.

"ಏನೇ, ಕಿವಿ ಬಾಗಿಲಿಗೆ ಅಂಟಿಸಿ ಕೂತಿದ್ದೀಯಾ?" ಎಂದಳು ಪಕ್ಕದಲ್ಲಿ ಗುಂಡಿ ಹಾಕುವವಳು.

"ನನ್ನ ತಂಗಿ ಕರೀತಾಳೆ ಕಣೇ. ನಿನ್ನನ್ನೂ ಕರ್ಕೊಂಡು ಹೋಗ್ತೀನಿ, ಸುಮ್ನೆ ಕೆಲಸ ನೋಡು."

ಮಧ್ಯಾಹ್ನ ಅಂಗಳದಲ್ಲಿ ವ್ಯಾನು ಸ್ಟಾರ್ಟ್ ಆಗಿ ಗೇಟು ದಾಟಿದ ಸದ್ದು ಕೇಳಿತು. ಅದರ ಹಿಂದೆಯೇ ತಂಗಿ ಬಂದು ಕಾಲರಿನ ರಾಶಿಗೆ ಕೈ ಚಾಚಿದಳು. ಅಂಗಿಯ ತೋಳು ಮೇಲಕ್ಕೆ ಮಡಿಸಿತ್ತು. ಮೊಣಕೈಯ ಒಳಗೆ ಒಂದು ಚೂರು ಹತ್ತಿ, ಮೇಲೆ ಅಂಟುಪಟ್ಟಿ.

"ಇದೇನೇ?" ಗುಡುಗಮ್ಮ ಪಿಸುಗುಟ್ಟಿದಳು.

"ಮಹಡಿಯವರ ಜೊತೆ ನಂದೂ ಮುಗಿಸ್ಕೊಂಡೆ."

"ಎದೇನೂ ನೋಡಿದ್ರಾ?"

"ನೋಡಿದ್ರು. ಏನೂ ಇಲ್ವಂತೆ."

"ನನ್ನನ್ನ ಯಾಕೆ ಕರೀಲಿಲ್ಲ?"

"ಕಾಲರ್ ನಿಂತ್ರೆ ಇಡೀ ಸಾಲು ನಿಲ್ಲುತ್ತೆ. ಸಂಜೆ ಲಾರಿ ಹೋಗ್ಬೇಕು. ನೀನೇನು, ಗುಂಡುಕಲ್ಲಿನ ಹಾಗಿದ್ದೀಯ. ಮುಂದಿನ ವರ್ಷ ನೋಡೋಣ."

ಇನ್ನೇನು ಗುಡುಗುತ್ತಾಳೆಂದು ಗುಂಡಿಯವಳು ಕಿವಿ ಮುಚ್ಚಿಕೊಂಡಳು. ಗುಡುಗಮ್ಮ ಗುಡುಗಲಿಲ್ಲ. ಬೆಳಿಗ್ಗೆ ಆ "ಅಕ್ಕ" ಯಾಕೆ ಬಂದಿತ್ತೆಂದು ಅವಳಿಗೆ ಈಗ ತಿಳಿದಿತ್ತು. ಡ್ರಾಯರಿನಿಂದ ಕೆಂಪು ಚಿಂದಿ ತೆಗೆದಳು. ಚೆನ್ನಾಗಿ ಓಡುತ್ತಿದ್ದ ಮಷಿನ್ನಿನ ತಲೆಗೆ ಬಿಗಿಯಾಗಿ ಕಟ್ಟಿ ಎದ್ದಳು.

"ಎಲ್ಲಿಗೆ?"

"ದೊಡ್ಡಾಸ್ಪತ್ರೆಗೆ. ಸಂಜೆ ತನಕ ನೋಡ್ತಾರಂತೆ."

"ಮಷಿನ್ನಿಗೇನಾಗಿದೆ? ಏನೂ ಕಾಣ್ತಿಲ್ವಲ್ಲ."

"ಅಮ್ಮನಿಗೂ ಹೊರಗಿಂದ ಏನೂ ಕಾಣ್ತಿರ್ಲಿಲ್ಲ."

ಹಿಂದೆ ಒಂದೊಂದೇ ಮಷಿನ್ ಸದ್ದಡಗಿತು. ಸೀಟಿ ಕೇಳಿತು. ಆಮೇಲೆ "ಅಕ್ಕಾ" ಎಂಬ ಕೂಗು. ಕಾರ್ಖಾನೆಯೊಳಗೆ ಒಂದೇ ದಿನ ಎರಡನೆಯ ಸಲ. ಮೊದಲನೆಯದಕ್ಕೇ ಗುಡುಗಮ್ಮ ಬೇಕಾದಷ್ಟು ಕರಗಿದ್ದಳು. ತಿರುಗಿ ನೋಡದೆ ಗೇಟು ದಾಟಿದಳು.