ದೋಣಿ ಬರುವ ಮೊದಲಿನ ಊಟ

ಮೀನು ಮಾರುವವಳಿಗೆ ಕೆಮ್ಮು ಹಿಡಿಯಿತೆಂದರೆ ವ್ಯಾಪಾರದ ಕಥೆ ಮುಗಿಯಿತು. ಸೊಂಟ ನೋವಿದ್ದರೆ ಯಾರಿಗೂ ತಿಳಿಯುವುದಿಲ್ಲ. ಬುಟ್ಟಿಯ ಮುಂದೆ ಕೂತು ಕೆಮ್ಮಿದರೆ ಮಾತ್ರ ಮೀನು ನೋಡಲು ಬಗ್ಗಿದ ಗಿರಾಕಿಗಳು ಹಾಗೇ ಎದ್ದು ಹೋಗುತ್ತಾರೆ. ಎರಡು ಸಾವಿರದ ಇಸವಿ ದಾಟಿದ ಆ ವರ್ಷಗಳಲ್ಲಿ ನಾನು ಬೇಲೆಕೇರಿಯಿಂದ ಅಂಕೋಲೆಯ ಪೇಟೆಗೆ ಬಂಗಡೆ, ತಾರ್ಲೆ ಮೀನು ತಂದು ಮಾರುತ್ತಿದ್ದೆ. ಮಳೆಗಾಲದಲ್ಲಿ ಹಿಡಿದ ಕೆಮ್ಮು ದೀಪಾವಳಿ ಕಳೆದರೂ ಬಿಡಲಿಲ್ಲ. ವರ್ಷಗಟ್ಟಲೆ ನನ್ನಲ್ಲೇ ಕೊಳ್ಳುತ್ತಿದ್ದ ಶಾಲೆಯಲ್ಲಿ ಕಲಿಸುವ ಅಕ್ಕೋರು ಒಂದು ಬೆಳಿಗ್ಗೆ ನನ್ನತ್ತ ನೋಡದೆ ಪಕ್ಕದವಳ ಬುಟ್ಟಿಗೆ ಕೈಯಿಟ್ಟರು. ಅವರನ್ನೇನು ಬಯ್ಯುವುದು, ನಾನಾದರೂ ಹಾಗೇ ಮಾಡುತ್ತಿದ್ದೆ. ಪೇಟೆಯಲ್ಲಿ ನಾನು ಕೂರುವುದು ಮೊದಲು ನನ್ನ ಅತ್ತೆ ಕೂರುತ್ತಿದ್ದ ಜಾಗ. ವಯಸ್ಸಾಯಿತು, ಕೆಮ್ಮು ಬೇರೆ ಎಂದು ನನಗೆ ಬಿಟ್ಟುಕೊಟ್ಟಿದ್ದರು. ನಾನು ಬಿಡುವವಳಲ್ಲ ಎಂದು ಅವತ್ತೇ ಗಟ್ಟಿ ಮಾಡಿಕೊಂಡೆ.

ಕೆಮ್ಮು ಎಂದರೆ ಊರಲ್ಲಿ ಎಲ್ಲರೂ ಬೆರಳು ತೋರಿಸುತ್ತಿದ್ದದ್ದು ಬಂದರಿಗೆ ಓಡುವ ಅದಿರಿನ ಲಾರಿಗಳ ಕಡೆಗೆ. ಕೆಂಪು ಧೂಳು ಒಣಹಾಕಿದ ಬಟ್ಟೆ, ಬಾವಿಕಟ್ಟೆ, ಎಲ್ಲದರ ಮೇಲೂ ಕೂರುತ್ತಿದ್ದ ಕಾಲ. ನಾನೂ ಬಾಯಿತುಂಬ ಬೈದೆ, ಮೂಗಿಗೆ ಬಟ್ಟೆ ಕಟ್ಟಿದೆ. ಅತ್ತೆಯ ಮದ್ದು ಬೇರೆ. ಊಟದ ಕೊನೆಗೆ ನಾವು ಕುಡಿಯುವ ಮುರುಗಲು ಹಣ್ಣಿನ ಸಿಪ್ಪೆಯ ‘ಕಡಿ’ ಎಂಬ ಹುಳಿಸಾರಿಗೆ ಬೆಳ್ಳುಳ್ಳಿ, ಹಸಿಮೆಣಸು ಇನ್ನಷ್ಟು ಜಜ್ಜಿ ಹಾಕಿ, "ಕುಡಿ, ಕಫ ಕಿತ್ತು ಬತ್ತದೆ" ಎನ್ನುತ್ತಿದ್ದರು. ಲೋಟ ತುಂಬ ಕುಡಿದು ಮಂಚಕ್ಕೆ ಬೀಳುತ್ತಿದ್ದೆ. ಬಿದ್ದೊಡನೆ ಕೆಮ್ಮು ಶುರು. ಮರುದಿನ ಅತ್ತೆ ಇನ್ನೂ ದೊಡ್ಡ ಲೋಟ ಕೊಡುತ್ತಿದ್ದರು.

ಕಾರವಾರದ ಆಸ್ಪತ್ರೆಗೆ ಹೋದೆ. ಕಫ ಪರೀಕ್ಷೆ ಮಾಡಿದರು, ಎಕ್ಸರೇ ತೆಗೆದರು. ಟೀಬಿ ಇಲ್ಲ ಎಂದಾಗ ಕಣ್ಣಲ್ಲಿ ನೀರು ಬಂತು. ಹಾಗೆಂದು ಎದ್ದು ಬರಲಿಲ್ಲ.

"ಮತ್ತೆ ಎಂತದು, ಡಾಕ್ಟ್ರೇ? ಅದು ಗೊತ್ತಾಗ್ದೆ ನಾ ಏಳೂದಿಲ್ಲ" ಎಂದೆ.

ಡಾಕ್ಟರು ಹೆಂಗಸು. ನಕ್ಕು ಪೆನ್ನು ಕೆಳಗಿಟ್ಟರು. "ಜಾಸ್ತಿ ಆಗೋದು ಯಾವಾಗ?"

"ಮಲಗಿದ ಕೂಡ್ಲೆ."

"ಊಟ?"

"ಗಂಡ ದೋಣಿಯಿಂದ ಬಂದ್ಮೇಲೆ. ಉಂಡು, ಕಡಿ ಕುಡ್ದು ಮಲಗೂದು. ಬೆಳಗಾತ ಏಳ್ಬೇಕಲ್ಲ."

ಮಲಗಿದಾಗ ಹೊಟ್ಟೆಯ ಹುಳಿನೀರು ಗಂಟಲಿಗೆ ಏರುತ್ತದೆ, ಎದೆಯುರಿ ಇಲ್ಲದವರಿಗೂ ಅದರಿಂದ ಕೆಮ್ಮು ಬರಬಹುದು ಎಂದು ವಿವರಿಸಿದರು. ಮಾತ್ರೆ ಕೊಟ್ಟರು. ಉಂಡ ಮೇಲೆ ಎರಡು ಮೂರು ತಾಸು ಮಲಗಬಾರದು, ರಾತ್ರಿ ಕಡಿ ಬೇಡ, ಮಂಚದ ತಲೆಭಾಗ ಎತ್ತರವಿರಲಿ, ಧೂಳಿಗೆ ಬಟ್ಟೆ ಕಟ್ಟುವುದು ಬಿಡಬೇಡ. ಗುಣವಾಗಲು ತಿಂಗಳುಗಳೇ ಹಿಡಿಯಬಹುದು, ಆಗದಿದ್ದರೆ ಮತ್ತೆ ಬಾ ಎಂದರು.

ಮಂಚದ ತಲೆಕಡೆಯ ಕಾಲಿನಡಿ ಚಿರೆಕಲ್ಲು ಇಡುವುದು ಸುಲಭವಿತ್ತು. ಕಷ್ಟದ್ದು ಊಟ, ಅದನ್ನು ಸಂಜೆಗೇ ಮುಗಿಸಬೇಕಿತ್ತು. ದೋಣಿ ನೀರಿನಲ್ಲಿರುವಾಗ ಮನೆಯ ಹೆಂಗಸರು ಉಣ್ಣಬಾರದು ಎಂಬುದು ನಮ್ಮಲ್ಲಿಯ ಪದ್ಧತಿ. ಮೊದಲ ಸಂಜೆ ದೀಪ ಹಚ್ಚಿ ತಟ್ಟೆಗೆ ಬಡಿಸಿಕೊಂಡಾಗ ಅತ್ತೆ, "ಗಂಡ ಸಮುದ್ರದಲ್ಲಿ, ನಿಂಗೆ ಅನ್ನ ಇಳೀತದ್ಯೇ?" ಎಂದರು.

ಇಳಿಯಲಿಲ್ಲ, ನಿಜ. ಹೆದರಿಕೆಯೂ ಇತ್ತು. ಆದರೂ ನುಂಗಿದೆ. "ನಾ ಕೆಮ್ಮಿದ್ರೆ ದೋಣಿ ಬೇಗ ಬತ್ತದ್ಯೇ?" ಎಂದೂ ಕೇಳಿಬಿಟ್ಟೆ. ಗಂಡ ಬಂದ ಮೇಲೆ, "ಉಣ್ಣು ಮಾರಾಯ್ತಿ, ನಿನ್ನ ಕೆಮ್ಮಿಗೆ ನಂಗೂ ನಿದ್ರೆ ಇಲ್ಲ" ಎಂದರು. ಅತ್ತೆ ಮಾತ್ರ ಪಟ್ಟು ಬಿಡಲಿಲ್ಲ. ಮಗ ಬಂದ ಮೇಲೆಯೇ ಉಂಡು, ಕಡಿ ಕುಡಿದು, ಮಲಗಿ ಕೆಮ್ಮುತ್ತಿದ್ದರು. ಆಸ್ಪತ್ರೆಗೆ ಹೋಗೋಣ ಎಂದರೆ, ಮುದುಕಿಯ ಕೆಮ್ಮಿಗೆ ಎಂತ ಔಷಧಿ ಎನ್ನುತ್ತಿದ್ದರು.

ಮಾವಿನ ಕಾಯಿ ಪೇಟೆಗೆ ಬರುವ ಹೊತ್ತಿಗೆ ನನ್ನ ಕೆಮ್ಮು ತಗ್ಗಿತು. ಮದುವೆ ಮನೆಯಲ್ಲಿ ಹೊತ್ತು ಮೀರಿ ಉಂಡರೆ ಮತ್ತೆ ಬರುತ್ತಿತ್ತು, ನಾನು ಮತ್ತೆ ಪಥ್ಯ ಹಿಡಿಯುತ್ತಿದ್ದೆ. ಒಂದು ದಿನ ಅಕ್ಕೋರು ನನ್ನ ಬುಟ್ಟಿಗೆ ಬಗ್ಗಿ ಬಂಗಡೆ ಆರಿಸಿಕೊಂಡರು. ಸಂಜೆ ಉಣ್ಣುತ್ತ ಅತ್ತೆಗೆ ಅದನ್ನೇ ಹೇಳಿದೆ.

ಅವರು ಬಾಗಿಲಾಚೆ ದೋಣಿ ಬರುವ ದಾರಿ ನೋಡಿದರು. ಆಮೇಲೆ ತಮ್ಮ ತಟ್ಟೆ ತಂದು ನನ್ನೆದುರು ಕೂತರು.

"ನಂಗೂ ಹಾಕು" ಎಂದರು. "ಆಗ್ಲೇ ಇದು ಗೊತ್ತಿದ್ರೆ ನಾ ಪೇಟೆಯ ಆ ಜಾಗ ಬಿಡ್ತಿರ್ಲಿಲ್ಲ."