ಚಿಕ್ಕಕೆರೆಯ ತೂಬಿನಿಂದ ಇಪ್ಪತ್ತು ಹೆಜ್ಜೆ

ಮಳವಳ್ಳಿಯಿಂದ ಬೆಳಿಗ್ಗೆ ಏಳಕ್ಕೆ ಹೊರಡಬೇಕಾಗಿದ್ದ ಬಸ್ಸು ಎಂಟೂವರೆಗೆ ಹೊರಟಿತು. ಯುದ್ಧದ ದೆಸೆಯಿಂದ ಪೆಟ್ರೋಲು ಸಿಗದೆ ಇದ್ದಿಲ ಗ್ಯಾಸಿನಲ್ಲಿ ಓಡುತ್ತಿದ್ದ ಬಸ್ಸು ಅದು. ಏರು ಬಂದಲ್ಲೆಲ್ಲ ನಾವು ಇಳಿದು ತಳ್ಳಿದೆವು. ಮದ್ದೂರಿಗೆ ಆರಾಣೆ ಕೊಟ್ಟು ಅರ್ಧ ದಾರಿ ನಡೆದ ಹಾಗಾಯಿತೆಂದು ನಾನು ಗೊಣಗಿದೆ. ಕಂಡಕ್ಟರ್ ಕೇಳಿಸದವನಂತೆ ಬೀಡಿ ಹಚ್ಚಿದ.

ನನ್ನ ಜೇಬಿನಲ್ಲಿ ತಂಗಿ ಸಿದ್ದಮ್ಮ ಕಟ್ಟಿಕೊಟ್ಟ ಪುಟ್ಟ ಗಂಟೊಂದಿತ್ತು. ಒಂದು ಹಿಡಿ ಪುರಿ, ಒಂದು ಚೂರು ಬೆಲ್ಲ. ಎಂಟು ವರ್ಷದ ಹಿಂದೆ ಅವಳ ಗಂಡ ಮಂಡ್ಯದಲ್ಲಿ ಗಾರೆ ಕೆಲಸಕ್ಕಿದ್ದಾಗ ಅವರ ಮೊದಲ ಮಗಳು ಜ್ವರ ಬಂದು ತೀರಿಕೊಂಡಳು. ಹನ್ನೊಂದು ತಿಂಗಳ ಕೂಸು. ಊರಂಚಿನ ಚಿಕ್ಕಕೆರೆಯ ದಡದಲ್ಲಿ ಎಳೆಯ ಮಕ್ಕಳನ್ನು ಹೂಳುವ ಜಾಗವಿತ್ತು. ಅಲ್ಲಿ ಹೂಳಿ ಒಂದು ಕಲ್ಲು ನೆಟ್ಟಿದ್ದರು. ಈಗ ಸಿದ್ದಮ್ಮ ಮತ್ತೆ ಬಾಣಂತಿ. ಬರುವ ಶುಕ್ರವಾರ ಗಂಡುಮಗುವನ್ನು ತೊಟ್ಟಿಲಿಗೆ ಹಾಕುವುದಿತ್ತು.

"ದೊಡ್ಡೋಳ ಕಲ್ಲ ಮುಂದೆ ಮೊದ್ಲು ಪುರಿ ಇಕ್ಕದೆ ಇವ್ನ ತೊಟ್ಲಿಗೆ ಆಕಕ್ಕೆ ನಂಗೆ ಮನ್ಸು ಬರಲ್ಲ ಕಣಣ್ಣ. ತೂಬಿನ ಕಂಬದಿಂದ ಆಲದ ಮರದ ಕಡೀಕೆ ಇಪ್ಪತ್ತು ಎಜ್ಜೆ. ಮರೀಬ್ಯಾಡ" ಎಂದಿದ್ದಳು. ನಾನು ಲೆಕ್ಕದ ಮೇಷ್ಟ್ರು. ಇಪ್ಪತ್ತು ಹೆಜ್ಜೆ ಎಣಿಸಲು ಬಾರದೆ ಎಂದು ನಕ್ಕು ಹೊರಟಿದ್ದೆ.

ಮದ್ದೂರಿನಲ್ಲಿ ವಡೆ ತಿಂದು, ಒಂದು ಗಂಟೆ ಕಾದು ರೈಲು ಹತ್ತಿದೆ. ಮಂಡ್ಯದಲ್ಲಿ ಇಳಿದಾಗ ನೆತ್ತಿ ಸುಡುವ ಬಿಸಿಲು. ಚಿಕ್ಕಕೆರೆಗೆ ಹೋಗಬೇಕೆಂದು ಹೇಳಿ ಜಟಕಾ ಹತ್ತಿದೆ. ಜಟಕಾ ಸಾಬರು ಹೊಸ ಬೀದಿಯೊಂದರ ತುದಿಯಲ್ಲಿ ಕುದುರೆ ನಿಲ್ಲಿಸಿ "ಇಳೀರಿ ಸಾಮಿ, ಇದೇ" ಎಂದರು.

"ಕೆರೆ ಎಲ್ಲಿ?"

"ಕೆರೆ ನಡುಮಧ್ಯದಲ್ಲೇ ನಿಂತಿದ್ದೀರಲ್ಲ. ನಾಲೆ ನೀರು ಬಂದ್ಮೇಲೆ ಕೆರೆ ಯಾರಿಗೆ ಬೇಕು? ಏರಿ ಒಡೆದು ಮಣ್ಣು ತುಂಬಿಸ್ಬುಟ್ರು."

ಎಲ್ಲಿ ನೋಡಿದರೂ ಅಡಿಪಾಯ, ಇಟ್ಟಿಗೆ ರಾಶಿ. ಆಲದ ಮರವಿದ್ದಲ್ಲಿ ಎಂದು ಸಾಬರು ತೋರಿಸಿದ ಕಡೆ ಸೌದೆ ಡಿಪೋ ಇತ್ತು. ತೂಬಿನ ಎರಡು ಕಂಬಗಳು ಮಾತ್ರ ಸಿಕ್ಕವು. ಅವನ್ನು ಕಿತ್ತು ತಂದು ಹೊಸ ಬೀದಿಯ ಬಾಯಲ್ಲಿ ಆ ಪಕ್ಕ ಒಂದು, ಈ ಪಕ್ಕ ಒಂದು ನೆಟ್ಟು ಸುಣ್ಣ ಬಳಿದಿದ್ದರು. ಏನೂ ತೋಚದೆ ಅಲ್ಲಿಂದಲೇ ಇಪ್ಪತ್ತು ಹೆಜ್ಜೆ ಎಣಿಸಿದೆ. ಯಾರದೋ ಮನೆಯ ಜಗಲಿ ಬಂತು. ಒಳಗಿನಿಂದ ಹೆಂಗಸೊಬ್ಬಳು "ಯಾರು ಬೇಕಾಗಿತ್ತು?" ಎಂದಳು. ನಾನು ಜಗಲಿಯಿಂದ ಹಿಂದೆ ಸರಿದೆ. ನನ್ನ ಲೆಕ್ಕದ ಬುದ್ಧಿಗೆ ನನಗೇ ನಾಚಿಕೆಯಾಯಿತು.

ನನ್ನ ಅವಸ್ಥೆ ನೋಡಿ ಸಾಬರೇ ನೀರಗಂಟಿ ಕೆಂಪಯ್ಯನ ಮನೆಗೆ ಕರೆದೊಯ್ದರು. ತೂಬು ಎತ್ತಿ ಗದ್ದೆಗಳಿಗೆ ನೀರು ಬಿಡುವುದು ಅವನ ಮನೆತನದ ಕೆಲಸವಾಗಿತ್ತು. ಈಗ ಕಬ್ಬು ಕಡಿಯುವ ಕೂಲಿಗೆ ಹೋಗುತ್ತಾನೆ. ನಾನು ಬಂದ ಕಾರಣ ಕೇಳಿ ಹಿತ್ತಲಿಗೆ ನಡೆದ. ಅಲ್ಲಿ ಹೊಂಗೆ ಮರದ ಬುಡದಲ್ಲಿ ಮೊಣಕೈ ಉದ್ದದ ಕಲ್ಲುಗಳು ಒತ್ತೊತ್ತಾಗಿ ನಿಂತಿದ್ದವು. ನಲವತ್ತರ ಮೇಲಿದ್ದವು. ಎಲ್ಲಕ್ಕೂ ಅರಿಸಿನ ಹಚ್ಚಿತ್ತು.

"ಮಣ್ಣು ತುಂಬ್ಸಕ್ಕೆ ಮುಂಚೆ ಒಂದೊಂದ್ನೇ ಒತ್ಕೊಂಡ್ ಬಂದೆ ಸಾಮಿ. ಕೂಸ್ಗಳ ತರಕ್ಕಾಗ್ನಿಲ್ಲ, ಕಲ್ಲ ತಂದೆ. ಯಾವ್ದು ಯಾರ್ದು ಅಂತ ಮಾತ್ರ ಕೇಳ್ಬ್ಯಾಡಿ. ಗೊತ್ತಿಲ್ಲ, ಅದ್ಕೇ ಎಲ್ಲಕ್ಕೂ ಅರಿಸ್ನ ಅಚ್ತೀನಿ."

ನಾನು ಗಂಟು ಬಿಚ್ಚಿದೆ. ಮೊದಲ ಕೆಲವು ಕಲ್ಲುಗಳ ಮುಂದೆ ಚಿಟಿಕೆ ಚಿಟಿಕೆ ಪುರಿ ಇಟ್ಟೆ. ಅರ್ಧಕ್ಕೆ ಬರುವಷ್ಟರಲ್ಲಿ ಎರಡೆರಡು ಕಾಳಾಯಿತು, ಆಮೇಲೆ ಒಂದೊಂದು. ಕೊನೆಯ ಮೂರಕ್ಕೆ ಬೆಲ್ಲದ ಪುಡಿ ಬಿಟ್ಟು ಏನೂ ಉಳಿಯಲಿಲ್ಲ. ನಮ್ಮ ಮಗು ಆ ಮೂರರಲ್ಲಿ ಒಂದಾಗಿದ್ದರೆ ಎಂದು ಅನ್ನಿಸಿದ್ದೇ ತಡ, ಅಳು ಬಂದುಬಿಟ್ಟಿತು. ಕೆಂಪಯ್ಯ ಮುಖ ತಿರುಗಿಸಿ ಮರದ ಬುಡದ ತರಗು ಆಯುತ್ತಾ ಕೂತ.

ಮರುದಿನ ಅದೇ ದಾರಿಯಲ್ಲಿ ಮರಳಿದೆ. ಕಲ್ಲು ಸಿಕ್ಕಿತು, ಆಲದ ಮರ ಹಾಗೇ ಇದೆ ಎಂದು ತಂಗಿಗೆ ಹೇಳಬೇಕಾದ ಸುಳ್ಳನ್ನು ದಾರಿಯುದ್ದಕ್ಕೂ ಹೊಂದಿಸಿಕೊಂಡಿದ್ದೆ. ಬಾಣಂತಿ ಕೋಣೆಯ ಬಾಗಿಲಲ್ಲಿ ಅವಳ ಮುಖ ನೋಡಿದ ಮೇಲೆ ಸುಳ್ಳು ಬರಲಿಲ್ಲ. ಕಂಡದ್ದನ್ನೆಲ್ಲ ಹೇಳಿದೆ. ಅವಳು ಸೆರಗು ಬಾಯಿಗೊತ್ತಿಕೊಂಡು ಬಹಳ ಹೊತ್ತು ಅತ್ತಳು. ಆಮೇಲೆ ಕಣ್ಣೊರೆಸಿಕೊಂಡು, ಒಟ್ಟು ಎಷ್ಟು ಕಲ್ಲಿದ್ದವು ಎಂದು ಕೇಳಿದಳು. ನಲವತ್ತರ ಮೇಲೆ ಎಂದೆ.

"ಮುಂಚೇನೆ ಗೊತ್ತಿದ್ದಿದ್ರೆ ಒಂದ್ ಸೇರು ಪುರಿ ಕಟ್ಕೊಡ್ತಿದ್ನಲ್ಲಣ್ಣ" ಎಂದಳು. "ಅಷ್ಟೊಂದ್ ಮಕ್ಳ ಮುಂದೆ ಒಂದ್ ಇಡಿ ಇಟ್ಕೊಂಡು ಎಂಗೆ ನಿಂತ್ಕಂಡೆ?"