ಬೀಗರಿಗೊಂದು ಪಂಕ್ತಿ, ನಮಗೊಂದು

ಬೀಗರ ಬೆರಳು ಕೀಲಿಮಣೆಗೆ ತಾಗುವಷ್ಟರಲ್ಲಿ ಅವರ ಮಣಿಕಟ್ಟನ್ನು ಹಿಡಿದುಬಿಟ್ಟೆ. "ತಡೀರಿ! ಅದನ್ನ ಒತ್ತಿದರ ನಿಮ್ಮ ಕಡೆಯವರು ಒಬ್ಬರೂ ಉಳಿಯಂಗಿಲ್ಲ."

ಕಾಚಿಗೂಡದ ಅವರ ಮನೆಯಲ್ಲಿ, ಅವರ ಲಿನಕ್ಸ್ ಕಂಪ್ಯೂಟರಿನ ಮುಂದೆ ಕುಳಿತಿದ್ದೆವು. ನನ್ನ ಮಗಳ ಮದುವೆಯ ಫೋಟೋಗಳನ್ನು ಗಂಡಿನ ಕಡೆಯದೊಂದು, ಹೆಣ್ಣಿನ ಕಡೆಯದೊಂದು ಜಿಪ್ ಗಂಟು ಕಟ್ಟಿ ಕಳಿಸಿದ ಫೋಟೋಗ್ರಾಫರ್, ಎರಡರಲ್ಲೂ ಫೋಟೋಗಳಿಗೆ ಒಂದರಿಂದಲೇ ನಂಬರು ಕೊಟ್ಟು, ತನ್ನ ಪ್ರತಿಗಳನ್ನು ಅಳಿಸಿದ್ದ. ಬೀಗರು ಟರ್ಮಿನಲ್ ಎಂಬ ಕಪ್ಪು ಪರದೆಯಲ್ಲಿ ಆಜ್ಞೆ ಟೈಪಿಸಿ ಎರಡನ್ನೂ ಇಳಿಸಿಕೊಂಡರು. ಗಂಡಿನ ಕಡೆಯದನ್ನು ಬಿಚ್ಚಿ, ಜಾಗ ಉಳಿಸಲೆಂದು ಆ ಜಿಪ್ಪನ್ನೇ ತೆಗೆದುಹಾಕಿದರು. ನಮ್ಮದನ್ನೂ ಅದೇ ಫೋಲ್ಡರಿನಲ್ಲಿ ಬಿಚ್ಚಹೊರಟಾಗ, ಇದೇ ಹೆಸರಿನ ಫೋಟೋಗಳು ಆಗಲೇ ಇವೆ, ಅವನ್ನು ಅಳಿಸಿ ಇವನ್ನು ಇಡಲೇ ಎಂದು ಕಂಪ್ಯೂಟರ್ ಕೇಳಿತು. ಅವರು 'ಎಲ್ಲವನ್ನೂ' ಎನ್ನುವುದರಲ್ಲಿದ್ದರು!

ಮದುವೆಯಲ್ಲಿ ಇದೇ ಮಹಾಶಯರು, "ಹೆಣ್ಣಿನ ಕಡೆಯವರು ಆಮ್ಯಾಲೆ ಉಣ್ಣಲಿ" ಎಂದು ನನ್ನನ್ನೂ ನನ್ನ ಅಣ್ಣನನ್ನೂ ಎಲೆಯ ಮುಂದಿನಿಂದ ಎಬ್ಬಿಸಿದ್ದರು. ಕೈ ಬಿಟ್ಟಿದ್ದರೆ ಲೆಕ್ಕ ಚುಕ್ತಾ ಆಗುತ್ತಿತ್ತು. ಬಿಡಲಿಲ್ಲ.

"ನಮಗ ಬ್ಯಾರೆ ಫೋಲ್ಡರ್ ಹಾಕ್ರಿ, ಬೀಗರ. ಎರಡನೇ ಪಂಕ್ತಿ ನಮಗ ರೂಢಿ ಐತಿ" ಎಂದೆ.

ಅವರ ಮುಖ ಕೆಂಪಾಯಿತು. ಮರುಕ್ಷಣ ಹೊಟ್ಟೆ ಕುಣಿಯುವಂತೆ ನಕ್ಕು, ನಮ್ಮ ಫೋಟೋಗಳಿಗೆ ಬೇರೆ ಫೋಲ್ಡರ್ ಮಾಡಿ, ಅಡುಗೆಮನೆಯಲ್ಲಿದ್ದ ಹೆಂಡತಿಗೆ ಕೂಗಿ ಹೇಳಿದರು: "ಏ ಇಕಿನ, ಇವತ್ತ ಬೀಗರ ಎಲಿ ಮೊದಲ ಹಾಕು. ಇಲ್ಲಾಂದ್ರ ಸಾಯೂತನಕ ಅಂತಾರ!"

ಅಂದು ಮೊದಲ ಹೋಳಿಗೆ ನನ್ನ ಎಲೆಗೇ ಬಿತ್ತು. ಮದುವೆಯ ಅಪಮಾನವನ್ನು ನಾನು ಇಂದಿಗೂ ಮರೆತಿಲ್ಲ. ಆದರೆ ಅದು ನೆನಪಾದಾಗಲೆಲ್ಲ ಈಗ ಬಾಯಿ ಸಿಹಿಯಾಗುತ್ತದೆ.